ಧಗೆ ಇಲ್ಲದ ಬಿಸಿಲು

ತಮ್ಮಾ, "ಅಕ್ಕಾ, ಕಲಬುರಗಿ ಬಿಸಿಲಲ್ಲಿ ಬೆಳೆದವನಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಿಸಿಲು ಏನು ಲೆಕ್ಕ? ದಿನಾ ಆಫೀಸಿಗೆ ಸೈಕಲ್ ಮೇಲೇ ಹೋಗಲಾ?" ಅಂತ ಕೇಳಿದ್ದೀಯ. ಹೋಗು, ಖಂಡಿತ ಹೋಗು. ಹನ್ನೊಂದು ವರ್ಷದಿಂದ ನಾನೂ ಅಲ್ಲಿ ಹಾಗೇ ಹೋಗುತ್ತಿದ್ದೇನೆ. ಆದರೆ ಆ ಮೊದಲನೇ ಮಾತನ್ನು ಇಲ್ಲೇ ಬಿಟ್ಟು ಹೋಗು.

ರಜೆಗೆ ಕಲಬುರಗಿಗೆ ಬಂದು ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಒಂದು ಗಂಟೆ, 42 ಡಿಗ್ರಿ. ಅಂಗಳದ ಶಹಾಬಾದ್ ಪರಸಿ ಮೇಲೆ ಬರಿಗಾಲು ಇಡೋಕಾಗಲ್ಲ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಹೊರಗೆ ಹೋಗಲೇಬೇಕಾದವರು ತಲೆಗೆ ವಲ್ಲಿ ಸುತ್ತಿಕೊಂಡು ಗೋಡೆಯ ನೆರಳು ಹಿಡಿದು ನಡೆಯುತ್ತಾರೆ. ಇಷ್ಟು ವರ್ಷ ನಮ್ಮ ಚರ್ಮ ಕಾಪಾಡಿದ್ದು ಈ ಧಗೆಯೇ. ಅದೇ ನಮ್ಮನ್ನು ಒಳಗೆ ಅಟ್ಟುತ್ತಿತ್ತು.

ಬ್ರಿಸ್ಬೇನ್‌ನಲ್ಲಿ ಅಟ್ಟುವವರಿಲ್ಲ. 25 ಡಿಗ್ರಿ, ನದಿ ಗಾಳಿ, ಹಿತವೋ ಹಿತ. ಆದರೆ ಚರ್ಮ ಸುಡುವುದು ಧಗೆಯಲ್ಲ, ಅತಿನೇರಳೆ ಕಿರಣ. ಅಲ್ಲಿ ಎಲ್ಲರೂ ಅದಕ್ಕೆ ಯುವಿ ಅಂತಾರೆ. ಮೊದಲ ಅಕ್ಟೋಬರ್‌ನಲ್ಲಿ ನದಿ ಪಕ್ಕದ ದಾರಿಯಲ್ಲಿ ಮೂರು ತಾಸು ಸೈಕಲ್ ಹೊಡೆದೆ. ರಾತ್ರಿ ತಲೆ ಬಾಚಲು ಹೋದರೆ ಬಾಚಣಿಕೆ ತಾಗಿದಲ್ಲೆಲ್ಲ ಉರಿ. ಹೆಲ್ಮೆಟ್‌ನ ಗಾಳಿ ಕಿಂಡಿಗಳಿಂದ ಬಿಸಿಲು ಇಳಿದು ಬೈತಲೆ ಸುಟ್ಟಿತ್ತು. ವಾರದ ನಂತರ ಸಿಪ್ಪೆ ಎದ್ದಿತು. ನಮ್ಮ ಬಣ್ಣಕ್ಕೆ ಕೆಂಪಾಗಿದ್ದು ಬೇಗ ಕಾಣಲ್ಲ, ಅದಕ್ಕೇ ಸುಮ್ನೆ ಬಿಟ್ಟುಬಿಡುತ್ತೇವೆ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಜಾಸ್ತಿ ಇರುವ ದೇಶಗಳಲ್ಲಿ ಆಸ್ಟ್ರೇಲಿಯಾವೂ ಒಂದು. ಕಪ್ಪು ಚರ್ಮಕ್ಕೆ ಅಪಾಯ ಕಡಿಮೆ ನಿಜ, ಇಲ್ಲವೇ ಇಲ್ಲ ಅಂತಲ್ಲ.

ಬೆಳಿಗ್ಗೆ ಫೋನಿನಲ್ಲಿ ಯುವಿ ಅಂಕಿ ನೋಡು, ಆ ಕಿರಣ ಎಷ್ಟು ಜೋರಿದೆ ಅಂತ ಅದು ಹೇಳುತ್ತೆ. 3 ಅಥವಾ ಅದಕ್ಕಿಂತ ಮೇಲಿದ್ದರೆ ಬಿಸಿಲು ತಡೆಯುವ ಎಸ್‌ಪಿಎಫ್ 50 ಪ್ಲಸ್ ಕ್ರೀಮ್ ಹಚ್ಚಲೇಬೇಕು. ಬ್ರಿಸ್ಬೇನ್‌ನಲ್ಲಿ ಚಳಿಗಾಲದ ಮಧ್ಯಾಹ್ನವೂ ಅದು 3 ದಾಟುತ್ತದೆ. ಹೊರಡುವ 20 ನಿಮಿಷ ಮೊದಲು ಹಚ್ಚು, ಒಂದೊಂದು ಕೈಗೆ ಒಂದೊಂದು ಟೀ ಚಮಚ. ಕಿವಿ, ಹಿಂಗತ್ತು, ಅಂಗೈ ಹಿಂಭಾಗ ಮರೆಯಬೇಡ. ಎರಡು ತಾಸಿಗೊಮ್ಮೆ ಮತ್ತೆ ಹಚ್ಚು. ತೆಳು ಬಟ್ಟೆಯ ತುಂಬುತೋಳಿನ ಕಾಲರ್ ಅಂಗಿ ಹಾಕು, ಹೆಲ್ಮೆಟ್ ಒಳಗೆ ತೆಳು ಟೋಪಿ.

ರಸ್ತೆ ವಿಷಯ. ಎಡಗಡೆಯೇ ಓಡಿಸಬೇಕು, ಅದು ನಮ್ಮಂತೆಯೇ. ಹೆಲ್ಮೆಟ್ ಸೈಕಲ್‌ಗೂ ಕಡ್ಡಾಯ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ. 60 ಕಿಲೋಮೀಟರ್ ವೇಗಮಿತಿಯವರೆಗಿನ ರಸ್ತೆಯಲ್ಲಿ ಕಾರಿನವರು ನಿನ್ನಿಂದ ಒಂದು ಮೀಟರ್, ಅದಕ್ಕೂ ಹೆಚ್ಚಿನ ವೇಗದ ರಸ್ತೆಯಲ್ಲಿ ಒಂದೂವರೆ ಮೀಟರ್ ದೂರ ಬಿಟ್ಟೇ ದಾಟಬೇಕು. ಕಾನೂನು ಇದೆ ಅಂತ ಮೈಮರೆಯಬೇಡ. ಇಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಹಿಂದೆ ಬರುವವರು ಹಾರ್ನ್ ಹೊಡೆದೇ ಬರುತ್ತಾರೆ, ನಮ್ಮ ಕಿವಿ ಅದಕ್ಕೆ ಒಗ್ಗಿದೆ. ಅಲ್ಲಿ ಹಾರ್ನ್ ಬಹಳ ಅಪರೂಪ. ಸದ್ದಿಲ್ಲ ಅಂದರೆ ಹಿಂದೆ ಗಾಡಿ ಇಲ್ಲ ಅಂತಲ್ಲ, ತಿರುಗಿ ನೋಡಿಯೇ ಪಕ್ಕಕ್ಕೆ ಸರಿ. ನಿಂತ ಕಾರಿನಿಂದ ಒಂದು ಬಾಗಿಲು ತೆರೆಯುವಷ್ಟು ದೂರ ಇರು.

ಇನ್ನೊಂದು, ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮುಂಜಾನೆ, ಸಂಜೆ ನಿನ್ನ ನೆರಳು ನಿನ್ನ ಮುಂದೆ ಉದ್ದಕ್ಕೆ ಬಿದ್ದಿದ್ದರೆ, ಎದುರು ಬರುವ ಡ್ರೈವರ್ ಕಣ್ಣಿಗೆ ನೇರ ಬಿಸಿಲು ಹೊಡೀತಿರುತ್ತೆ. ಅವನಿಗೆ ನೀನು ಕಾಣಲ್ಲ. ಆಗ ಕ್ರಾಸ್‌ನಲ್ಲಿ ನಿಂತುಬಿಡು, ಸಿಗ್ನಲ್ ನಿನ್ನದೇ ಇದ್ದರೂ.

ಬಂದ ಮೊದಲ ಭಾನುವಾರ ಫೋನ್ ಮಾಡು. ಖಾಲಿ ರಸ್ತೆಯಲ್ಲಿ ನಿನ್ನ ಆಫೀಸ್ ದಾರಿ ಒಮ್ಮೆ ಇಬ್ಬರೂ ಓಡಿಸಿ ನೋಡೋಣ. ಹೆಲ್ಮೆಟ್ ಮಾತ್ರ ಹೊಸದೇ ಕೊಳ್ಳು. ನನ್ನ ಹಳೇದು ಒಮ್ಮೆ ಬಿದ್ದು ಪೆಟ್ಟು ತಿಂದಿದೆ, ಅದನ್ನು ನಿನಗೆ ಕೊಡಲಾರೆ.