ಹಳೇ .32 ರಿವಾಲ್ವರ್‌ಗೆ 75 ಸಾವಿರ ಕೊಡಬಹುದಾ? ಸೊಂಟದಲ್ಲಿಟ್ಟುಕೊಂಡು ಓಡಾಡೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ನೀವು ರಾಣೆಬೆನ್ನೂರು ಕಡೆಯವರು, ಲೈಸೆನ್ಸ್ ಹೊಸದಾಗಿ ಸಿಕ್ಕಿದೆ. ಪರಿಚಯದವರೊಬ್ಬರು ತೀರಿಕೊಂಡರು, ಅವರ ಮನೆಯವರು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ಗೆ 75 ಸಾವಿರ ಹೇಳ್ತಿದ್ದಾರೆ. ಪೇಟೆಯಿಂದ ದುಡ್ಡು ತರುವಾಗ ಅದು ಜೊತೆಗಿರಬೇಕು ಅನ್ನೋದು ನಿಮ್ಮ ಆಸೆ.

ನಾನು ಹುಬ್ಬಳ್ಳಿಯವನು, ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇದೆ. ಸೋಮವಾರ, ಗುರುವಾರ ಪೇಟೆ ಮುಗಿಸಿ ರಾತ್ರಿ ಕಾರಿನಲ್ಲಿ ವಾಪಸ್ ಬರೋದು ವರ್ಷಗಟ್ಟಲೆ ನಡೆದಿದೆ. 2016ರಲ್ಲಿ ನಿಮ್ಮ ಹಾಗೇ ಒಂದು ಹಳೇ ರಿವಾಲ್ವರ್ ತಗೊಂಡೆ, ಸರಿಯಾಗಿ ಪೆಟ್ಟು ತಿಂದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ.

ರೇಟು ಆಮೇಲೆ, ಮೊದಲು ಕಾಗದ. ತೀರಿಕೊಂಡವರ ಲೈಸೆನ್ಸ್ ಪ್ರತಿ ತರಿಸಿ, ಅದರಲ್ಲಿರೋ ನಂಬರ್ ಮತ್ತು ರಿವಾಲ್ವರ್ ಮೈಮೇಲಿನ ನಂಬರ್ ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿ. ಯುಐಎನ್, ಅಂದರೆ ಲೈಸೆನ್ಸಿಗೆ ಸರ್ಕಾರ ಕೊಡೋ ವಿಶಿಷ್ಟ ಗುರುತಿನ ಸಂಖ್ಯೆ, ಇದೆಯಾ ನೋಡಿ. ಈಗ ಆಯುಧ ಎಲ್ಲಿದೆ ಕೇಳಿ. ಲೈಸೆನ್ಸ್‌ದಾರರು ಹೋದ ಮೇಲೆ ಅದು ಠಾಣೆಯಲ್ಲೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯಲ್ಲೋ ಜಮಾ ಇರಬೇಕು. "ಮನೆಯಲ್ಲೇ ತಿಜೋರಿಯಲ್ಲಿದೆ, ಬಂದು ನೋಡಿ" ಅಂದರೆ ಹೋಗಲೇಬೇಡಿ. ವಾರಸುದಾರರು ಎಷ್ಟು ಜನ ಇದ್ದಾರೋ ಅಷ್ಟೂ ಜನರ ಒಪ್ಪಿಗೆ ಬರಹದಲ್ಲಿರಲಿ, ಅಣ್ಣ ಮಾರಿದ ಮೇಲೆ ತಮ್ಮ ತಕರಾರು ತೆಗೆದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಖಾಸಗಿಯಾಗಿ ಮಾರುವಾಗ ಮಾರುವವರು ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು, ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಹಾಗಿದೆ. ಅಲ್ಲಿವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ. ನಿಮಗೆ ಹಾವೇರಿ ಡಿಸಿ ಕಚೇರಿ, ನಮಗೆ ಅವಳಿನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು. ಯಾರಾದರೂ ".38 ಇದೆ, ಇದಕ್ಕಿಂತ ಜೋರು" ಅಂತ ಆಸೆ ಹುಟ್ಟಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. .38, .455, 9 ಎಂಎಂ ಎಲ್ಲ ನಿಷೇಧಿತ ಬೋರ್ (ನಳಿಗೆಯ ಅಳತೆ), ನಮ್ಮಂಥವರ ಮಾಮೂಲಿ ಲೈಸೆನ್ಸಿಗೆ ಬರೋದಿಲ್ಲ.

ಇನ್ನು ನನ್ನ ಕಥೆ. ಗದಗಿನ ಹತ್ತಿಯ ವ್ಯಾಪಾರಿಯೊಬ್ಬರು ತೀರಿಕೊಂಡಿದ್ದರು, ಅವರ ರಿವಾಲ್ವರ್ ಅಂಗಡಿಯೊಂದರಲ್ಲಿ ಜಮಾ ಇತ್ತು. ಮಾತಾಡೋಕೆ ಹೋದರೆ ಅವರ ಹೆಂಡತಿ, ಎಪ್ಪತ್ತರ ಮೇಲಿನ ಅಜ್ಜಿ, "ತಮ್ಮಾ, ತಿಂಗಳಾ ತಿಂಗಳಾ ಅದಕ್ಕ ಬಾಡಿಗಿ ಕಟ್ಟಿ ಸಾಕಾಗೈತಿ, ನೀ ಎಷ್ಟ್ ಕೊಡ್ತಿ ಕೊಟ್ಟು ತಗೊಂಡ್ ಹೋಗಿಬಿಡು" ಅಂದರು. ನನಗೆ ಕೊಸರಾಡೋಕೆ ನಾಚಿಕೆಯಾಯಿತು, 60 ಸಾವಿರ ಅಂದುಬಿಟ್ಟೆ. ಅಂಗಡಿಯವನು ರೆಕ್ಸಿನ್ ಚೀಲದಿಂದ ತೆಗೆದು ಬಟ್ಟೆಯಲ್ಲಿ ಒರೆಸಿ ಕೈಗಿಟ್ಟ. ಕಪ್ಪಗೆ ಮಿಂಚ್ತಿತ್ತು. ಆ ಮಿಂಚೇ ನನ್ನನ್ನು ಕೆಡಿಸಿದ್ದು. ಅದಕ್ಕೆ ಹೊಸದಾಗಿ ಪಾಲಿಶ್ ಹೊಡೆದು ಕಪ್ಪು ಬಣ್ಣ ಏರಿಸಿದ್ದರು ಅಂತ ಗೊತ್ತಾಗಿದ್ದು ಆಮೇಲೆ. ಕೆತ್ತಿದ ಅಕ್ಷರಗಳ ಅಂಚು ಸವೆದು ಸಾಬೂನಿನ ಮೇಲಿನ ಹೆಸರಿನ ಹಾಗೆ ಮೆತ್ತಗಾಗಿದ್ದವು. ನೀವು ಮೊದಲು ನೋಡಬೇಕಾದ್ದೇ ಅದನ್ನ. ಅಕ್ಷರ ಚೂಪಾಗಿದ್ದು ಬಣ್ಣ ಅಲ್ಲಲ್ಲಿ ಹೋಗಿದ್ದರೆ ಅದು ಪ್ರಾಮಾಣಿಕ ಹಳೇ ರಿವಾಲ್ವರ್. ಬಣ್ಣ ಹೊಸದು, ಅಕ್ಷರ ಮಸುಕು ಅಂದರೆ ಕೆಳಗೆ ತುಕ್ಕಿನ ಗುಳಿ ಮುಚ್ಚಿದ್ದಾರೆ.

ಈಗ ಕೈಯಲ್ಲಿ ಹಿಡಿದು ನೋಡೋದು. ಅಂಗಡಿಯಲ್ಲೇ, ಅವರ ಎದುರಲ್ಲೇ ನೋಡಿ. ಕಾನ್ಪುರದ ಈ .32 ವೆಬ್ಲಿ ಅನ್ನೋ ಹಳೇ ಬ್ರಿಟಿಷ್ ರಿವಾಲ್ವರ್ ಮಾದರಿಯದು. ಹ್ಯಾಮರ್ (ಹಿಂದಿನಿಂದ ಬಡಿದು ಗುಂಡು ಸಿಡಿಸೋ ಸುತ್ತಿಗೆ) ಪಕ್ಕದ ಕೊಕ್ಕೆ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಒಳಗಿನಿಂದ ನಕ್ಷತ್ರದ ಥರದ ಒಂದು ತುಂಡು ಮೇಲೆದ್ದು ಆರೂ ಕಾಡತೂಸನ್ನು ಎತ್ತಿಬಿಡುತ್ತದೆ. ಬಾಗಿಸಿ, ಕಾಡತೂಸು ಕೂರೋ ಆರೂ ಮನೆ ಖಾಲಿ ಇದೆಯಾ ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡಿ. ಅಂಗಡಿಯವನು "ಖಾಲಿ ಐತ್ರೀ" ಅಂದರೂ ನೋಡಿ.

ಈ ಥರದ ರಿವಾಲ್ವರ್ ಮೊದಲು ಸವೆಯೋದು ಆ ಕೊಕ್ಕೆ ಮತ್ತು ಕೆಳಗಿನ ತಿರುಗುಣಿಯಲ್ಲಿ. ಮುಚ್ಚಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ನಳಿಗೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಕೆಳಗಿಡಿ, ಮುಂದೆ ನೋಡೋ ಅಗತ್ಯವೇ ಇಲ್ಲ. ಕೆಲವರು ಸಿನಿಮಾ ಥರ ಒಂದೇ ಕೈಯಲ್ಲಿ ಜಾಡಿಸಿ ಮುಚ್ಚುತ್ತಾರಲ್ಲ, ಆ ಚಟ ಇದ್ದವರ ಕೈಯಲ್ಲಿದ್ದ ರಿವಾಲ್ವರ್ ಇಲ್ಲೇ ಸಿಕ್ಕಿಬೀಳುತ್ತದೆ.

ಅಲ್ಲಾಡದಿದ್ದರೆ ಹ್ಯಾಮರ್ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ, ಸಿಲಿಂಡರ್ (ಆರೂ ಮನೆ ಇರೋ ತಿರುಗೋ ಭಾಗ) ಮೇಲೆ ಇನ್ನೊಂದು ಕೈಯ ಬೆರಳು ಸುಮ್ನೆ ತಾಗಿಸಿಟ್ಟಿರಿ. ಹ್ಯಾಮರ್ ಟಕ್ ಅಂತ ನಿಲ್ಲೋ ಹೊತ್ತಿಗೆ ಸಿಲಿಂಡರ್ ಕೂಡ ಬಂದು ಗಟ್ಟಿಯಾಗಿ ಕೂತಿರಬೇಕು. ಆರೂ ಮನೆಗೂ ಹೀಗೇ ಮಾಡಿ, ಐದು ಸರಿ ಇದ್ದು ಒಂದು ಮಾತ್ರ ಹಿಂದೆ ಬೀಳೋದು ಉಂಟು. ಹಿಂದೆ ಬಿದ್ದರೆ ಗುಂಡು ನಳಿಗೆಯ ಬಾಯಿಗೆ ನೇರ ಹೋಗದೆ ಅಂಚಿಗೆ ತಾಗಿ ಸೀಸ ಪಕ್ಕಕ್ಕೆ ಸಿಡಿಯುತ್ತದೆ. ಹ್ಯಾಮರ್ ಎಳೆದಿಟ್ಟಾಗ ಟ್ರಿಗರ್ ಮುಟ್ಟದೆ ಹೆಬ್ಬೆರಳಿಂದ ಹಿಂದಿನಿಂದ ಒತ್ತಿ. ಜಾರಿ ಬಿದ್ದರೆ ಬೇಡವೇ ಬೇಡ. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದು ನೋಟ್‌ಬುಕ್ಕಿನ ಎರಡು ಹಾಳೆಯಷ್ಟಿದ್ದರೆ ಸರಿ. ಆಮೇಲೆ ಬಾಗಿಸಿ ಹಿಡಿದು ಬೆಳಕಿಗೆ ನಳಿಗೆಯೊಳಗೆ ನೋಡಿ. ಸುರುಳಿ ಗೆರೆಗಳು ಹೊಳೆಯಬೇಕು, ಕಪ್ಪು ಚುಕ್ಕೆ ಕಂಡರೆ ಅಷ್ಟಕ್ಕೆ ರೇಟು ಇಳಿಸಿ.

ನಾನು ಇದ್ಯಾವುದನ್ನೂ ಮಾಡಲಿಲ್ಲ. ತಗೊಂಡು ಎರಡು ತಿಂಗಳಿಗೆ ಅನುಮತಿ ತಗೊಂಡು ರೇಂಜಿಗೆ ಹೋಗಿ ಹೊಡೆದರೆ ಆರರಲ್ಲಿ ಎರಡು ಬರೀ ಟಿಕ್ ಅಂದವು. ಕಾಡತೂಸು ಹಳೇದು ಅಂದುಕೊಂಡೆ. ಅಲ್ಲಿದ್ದ ನಿವೃತ್ತ ಪೊಲೀಸರೊಬ್ಬರು ಸಿಡಿಯದ ಕಾಡತೂಸಿನ ತಳ ತೋರಿಸಿದರು. ಸಿಡಿದದ್ದರ ಮೇಲೆ ಸೂಜಿಯ ಗುಳಿ ಆಳವಾಗಿತ್ತು, ಸಿಡಿಯದ್ದರ ಮೇಲೆ ಉಗುರಿನ ಗೀಚಿನಷ್ಟು. ಹ್ಯಾಮರ್ ಸ್ಪ್ರಿಂಗ್ ಸತ್ತಿತ್ತು. ಅವರೇ ಒಂದು ಉಪಾಯ ಹೇಳಿಕೊಟ್ಟರು. ಪೂರ್ತಿ ಖಾಲಿ ಅಂತ ಮೂರು ಸಲ ಖಾತ್ರಿ ಮಾಡಿಕೊಂಡು, ಸಣ್ಣ ಪೆನ್ಸಿಲ್ಲನ್ನು ರಬ್ಬರ್ ತುದಿ ಒಳಗಾಗುವ ಹಾಗೆ ನಳಿಗೆಗೆ ಇಳಿಬಿಟ್ಟು, ಮೇಲ್ಮುಖ ಹಿಡಿದು ಟ್ರಿಗರ್ ಒತ್ತಬೇಕು. ಸ್ಪ್ರಿಂಗ್ ಚೆನ್ನಾಗಿದ್ದರೆ ಪೆನ್ಸಿಲ್ ಚಂಗನೆ ಹಾರುತ್ತದೆ. ನನ್ನದು ನಳಿಗೆಯಿಂದ ತಲೆ ಹಾಕಿ ನೋಡಿ ಮತ್ತೆ ಒಳಗೆ ಹೋಯಿತು! ಲೈಸೆನ್ಸ್ ಇರೋ ರಿಪೇರಿಯವರಿಂದ ಸ್ಪ್ರಿಂಗ್ ಹಾಕಿಸಿಕೊಂಡು ಬರೋಕೆ ನಾಲ್ಕು ತಿಂಗಳು ಹಿಡಿಯಿತು.

ರೇಟಿಗೆ ಬರೋಣ. ಹೊಸದಕ್ಕೆ ಕಾರ್ಖಾನೆ ದರ ತೆರಿಗೆ ಸೇರಿ ಇವತ್ತು ಎಷ್ಟಿದೆ ಅಂತ ಹುಬ್ಬಳ್ಳಿಯ ಅಂಗಡಿಯಲ್ಲಿ ಬರೆಸಿಕೊಳ್ಳಿ, ಅದೇ ನಿಮ್ಮ ಅಳತೆಗೋಲು. ನನ್ನ ಲೆಕ್ಕದಲ್ಲಿ ಒಬ್ಬರೇ ಬಳಸಿದ, ಕೊಕ್ಕೆ ಗಟ್ಟಿ ಇರೋ, ನಳಿಗೆ ಸ್ವಚ್ಛ ಇರೋ ರಿವಾಲ್ವರ್‌ಗೆ ಹೊಸದರ ಮೂರರಲ್ಲಿ ಎರಡು ಪಾಲು ಕೊಡಬಹುದು. ಬಣ್ಣ ಹೊಡೆದದ್ದು, ಚುಕ್ಕೆ ಬಿದ್ದದ್ದು ಅರ್ಧಕ್ಕಿಂತ ಮೇಲೆ ಹೋಗಬಾರದು. ಮಾರುವವರು "ಇದರ ರೇಟು ಏರ್ತಾನೇ ಇರುತ್ತೆ, ಬಂಗಾರ ಇದ್ದಂಗೆ" ಅಂತ ಹೇಳ್ತಾರೆ. ಅದು ಹಳೇ ವಿದೇಶಿ ರಿವಾಲ್ವರ್‌ಗಳ ಮಾತು, ಜನಸಾಮಾನ್ಯರಿಗೆ ಆಮದು ನಿಂತಿದ್ದಕ್ಕೆ ಅವು ಲಕ್ಷಗಟ್ಟಲೆ ಬಾಳ್ತವೆ. ಕಾನ್ಪುರದ್ದು ಇವತ್ತಿಗೂ ತಯಾರಾಗ್ತಿದೆ, 2023ರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯೋ ಪ್ರಬಲ್ ಅನ್ನೋ ಹೊಸ ಮಾದರಿಯೂ ಬಂತು. ಮೇಲಾಗಿ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ಕೊಳ್ಳುವವರು ಕಡಿಮೆಯಾದರು, ಬಿಡುವವರು ಜಾಸ್ತಿಯಾದರು. ನಿಮ್ಮ ಪರಿಚಯದವರ ಮನೆಯವರಿಗೂ ಅದನ್ನು ಇಟ್ಟುಕೊಳ್ಳೋಕೆ ಆಗಲ್ಲ ಅಲ್ವಾ? ಹಾಗಂತ ಅವರ ಕಷ್ಟ ನೋಡಿ ಮೂರುಕಾಸಿಗೆ ಕೇಳಬೇಡಿ, 75ಕ್ಕೆ ಹೂಂ ಅನ್ನಲೂ ಬೇಡಿ. ಸ್ಪ್ರಿಂಗ್, ಕೊಕ್ಕೆ ಎರಡೂ ಗಟ್ಟಿ ಇದ್ದರೆ ನಾನಾದರೆ 60ರಿಂದ ಮಾತು ಶುರು ಮಾಡ್ತಿದ್ದೆ.

ಸೊಂಟದ ವಿಷಯ. ಖಾಲಿ ರಿವಾಲ್ವರ್ ಸುಮಾರು 700 ಗ್ರಾಂ, ಮೇಲೆ ಆರು ಗುಂಡು ಮತ್ತು ಚರ್ಮದ ಚೀಲ. ಮುಕ್ಕಾಲು ಕಿಲೋ ಸಕ್ಕರೆ ಪೊಟ್ಟಣ ಬೆಲ್ಟಿಗೆ ಕಟ್ಟಿಕೊಂಡು ಒಂದು ದಿನ ಇಡೀ ಅಂಗಡಿಯಲ್ಲಿ ಕೂತು, ಎದ್ದು, ಕಾರು ಓಡಿಸಿ ನೋಡಿ. ತಮಾಷೆಗೆ ಹೇಳ್ತಿಲ್ಲ, ಖರ್ಚಿಲ್ಲದ ಪರೀಕ್ಷೆ. ತೆಳು ಬೆಲ್ಟ್ ಇದ್ದರೆ ಪ್ಯಾಂಟ್ ಒಂದು ಕಡೆ ಜಗ್ಗುತ್ತದೆ, ಕಾರಿನಲ್ಲಿ ಕೂತಾಗ ಪಕ್ಕೆಗೆ ಚುಚ್ಚುತ್ತದೆ. 2014ರಲ್ಲಿ ಕಾನ್ಪುರದಿಂದಲೇ ಬಂದ ನಿರ್ಭೀಕ್ ಅನ್ನೋ ರಿವಾಲ್ವರ್ 500 ಗ್ರಾಂ, ಹಗುರ. ಆಗಲೇ ಅದಕ್ಕೆ 1.22 ಲಕ್ಷ ಇತ್ತು. ಈ ರಿವಾಲ್ವರ್‌ಗಳ ಟ್ರಿಗರ್ ಬಲು ಬಿಗಿ, ಹ್ಯಾಮರ್ ಎಳೆಯದೆ ನೇರ ಒತ್ತಿದರೆ ಕೈ ನಡುಗುತ್ತದೆ, ಹತ್ತು ಹದಿನೈದು ಮೀಟರ್ ಆಚೆ ನಂಬಬೇಡಿ. ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರ ಆಗಾಗ ನಡೆಯುತ್ತದೆ, ಹೋಗಿ ಬನ್ನಿ. ಏಪ್ರಿಲ್ ಬಿಸಿಲಿಗೆ ಬೆವರು ತಾಗಿದ ಕಡೆ ಎರಡೇ ದಿನಕ್ಕೆ ಕೆಂಪು ಪುಡಿ ಏಳುತ್ತದೆ, ಹಾಗಾಗಿ ರಾತ್ರಿ ಚರ್ಮದ ಚೀಲದಿಂದ ತೆಗೆದು ಒರೆಸಿ ಎಣ್ಣೆ ಬಟ್ಟೆಯಲ್ಲಿಟ್ಟು ಬೀಗ ಹಾಕಬೇಕು.

ಹೊರಗೆ ಒಯ್ಯುವಾಗ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಅಂಗಿ ಎತ್ತಿ ತೋರಿಸೋ ಹಾಗಿಲ್ಲ. ಮದುವೆಯಲ್ಲಿ ಗಾಳಿಗೆ ಹೊಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಲೈಸೆನ್ಸ್ ಯಾವ ವ್ಯಾಪ್ತಿಗೆ ಅಂತ ಓದಿ. ಕರ್ನಾಟಕಕ್ಕೆ ಮಾತ್ರ ಇದ್ದರೆ ಗೋವಾ, ಕೊಲ್ಹಾಪುರಕ್ಕೆ ಹೋಗುವಾಗ ಮನೆಯಲ್ಲೇ ಬಿಡಬೇಕು. ಚುನಾವಣೆ ಬಂದರಂತೂ ಠಾಣೆಗೆ ಜಮಾ, ನಮ್ಮಲ್ಲಿ ಯಾವುದಾದರೊಂದು ಚುನಾವಣೆ ಇದ್ದೇ ಇರುತ್ತದೆ.

ನಿಜ ಹೇಳಬೇಕೆಂದರೆ ಪೇಟೆಯ ದುಡ್ಡು ಈಗ ಬಹುಪಾಲು ಬ್ಯಾಂಕಿನಲ್ಲೇ ಓಡಾಡುತ್ತದೆ, ನನ್ನದು ವರ್ಷದಲ್ಲಿ ಹತ್ತು ದಿನ ಕೂಡ ಹೊರಗೆ ಬರಲ್ಲ. ನಿಮ್ಮ ವ್ಯವಹಾರ ಇನ್ನೂ ನಗದಿನಲ್ಲೇ ಇದೆ ಅಂದರೆ ಅದು ಬೇರೆ ಮಾತು. ಸಾಧ್ಯವಾದರೆ ಆ ಕೊಕ್ಕೆಯ ಫೋಟೊ ಹತ್ತಿರದಿಂದ ತೆಗೆದು ಹಾಕಿ, ನಂಬರ್ ಮೇಲೆ ಬೆರಳು ಮುಚ್ಚಿಕೊಂಡು ತೆಗೆಯಿರಿ, ನೋಡಿ ಹೇಳ್ತೀನಿ.