ಡೋರಿಯನ್ ಗ್ರೇ ಕಥೆ ಸೌಂದರ್ಯದ ಪರವೋ, ವಿರುದ್ಧವೋ?

ಕಲೆಗೂ ನೀತಿಗೂ ಸಂಬಂಧವಿಲ್ಲ ಅನ್ನೋ ಹಾಗೆ ಮುನ್ನುಡಿ ಬರೆದ ಐರಿಷ್ ಲೇಖಕ ಆಸ್ಕರ್ ವೈಲ್ಡ್, ತನ್ನ ಕಾದಂಬರಿ ‘ದ ಪಿಕ್ಚರ್ ಆಫ್ ಡೋರಿಯನ್ ಗ್ರೇ’ಯನ್ನು ಮಾತ್ರ ‘ಮಾಡಿದ್ದುಣ್ಣೋ ಮಹರಾಯ’ ಅನ್ನುವಂತೆ ಯಾಕೆ ಮುಗಿಸಿದ ಅಂತ ಕೇಳಿದ್ದೀರಿ. ಮೊದಲ ಸಲ ಓದಿದಾಗ ನನಗೂ ಇದೇ ಪ್ರಶ್ನೆ ಕಾಡಿತ್ತು. ಕಥೆ ಇಷ್ಟು: ಚೆಲುವ ಯುವಕ ಡೋರಿಯನ್, ತನ್ನ ಬದಲು ತನ್ನ ಚಿತ್ರಕ್ಕೇ ವಯಸ್ಸಾಗಲಿ ಅಂತ ಹಾರೈಸುತ್ತಾನೆ. ಹಾಗೇ ಆಗಿ ಅವನು ಹರೆಯದಲ್ಲೇ ಉಳಿಯುತ್ತಾನೆ, ಅವನ ವಯಸ್ಸು, ಪಾಪಗಳೆಲ್ಲ ಮಹಡಿಯಲ್ಲಿ ಬಚ್ಚಿಟ್ಟ ಆ ಚಿತ್ರದ ಮೇಲೆ ಮೂಡುತ್ತವೆ.

ಮೊದಲಿಗೆ, ಆ ಮುನ್ನುಡಿಯನ್ನು ಸ್ವಲ್ಪ ಬದಿಗಿಡಿ. ಕಥೆ ಮೊದಲು ಬಂದದ್ದು 1890ರ ಜುಲೈನಲ್ಲಿ, ಒಂದು ಮಾಸಪತ್ರಿಕೆಯಲ್ಲಿ, 13 ಅಧ್ಯಾಯಗಳಾಗಿ. ಇಂಗ್ಲೆಂಡಿನ ಪತ್ರಿಕೆಗಳು ಇದು ಕೊಳಕು ಕಥೆ ಅಂತ ಹರಿಹಾಯ್ದವು. ಮುನ್ನುಡಿ ಬಂದದ್ದು ಆಮೇಲೆ, 1891ರಲ್ಲಿ. ಅದೇ ವರ್ಷ ಕಥೆ 20 ಅಧ್ಯಾಯಗಳಿಗೆ ಬೆಳೆದು ಪುಸ್ತಕವಾಯಿತು. ಅಂದರೆ ಮುನ್ನುಡಿ ಟೀಕಾಕಾರರಿಗೆ ಕೊಟ್ಟ ಉತ್ತರ. ಅದನ್ನೇ ಅಳತೆಗೋಲು ಮಾಡಿಕೊಂಡು ಕಾದಂಬರಿಯನ್ನು ಅಳೆಯಬಾರದು ಅಂತ ನನ್ನ ಅಭಿಪ್ರಾಯ.

ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು 14ನೇ ಅಧ್ಯಾಯದಲ್ಲಿ. ಹಿಂದಿನ ರಾತ್ರಿ ಡೋರಿಯನ್ ತನ್ನ ಚಿತ್ರ ಬರೆದ ಗೆಳೆಯ ಬೇಸಿಲ್‌ನನ್ನು ಚಾಕುವಿನಿಂದ ಇರಿದು ಕೊಂದಿದ್ದಾನೆ. ಹೆಣ ಇನ್ನೂ ಮಹಡಿಯ ಕೋಣೆಯಲ್ಲೇ ಇದೆ. ಬೆಳಿಗ್ಗೆ ಆಳು ಬಂದಾಗ ಇವನು ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು, ಆಡಿ ದಣಿದ ಹುಡುಗನ ಹಾಗೆ ನಿದ್ದೆ ಮಾಡುತ್ತಿದ್ದಾನೆ. ಎದ್ದು ತಿಂಡಿ ತಿನ್ನುತ್ತಾನೆ. ಹೆಣವನ್ನು ಇಲ್ಲವಾಗಿಸಲು ರಸಾಯನಶಾಸ್ತ್ರ ಬಲ್ಲ ಒಬ್ಬ ಹಳೆಯ ಗೆಳೆಯನಿಗೆ ಹೇಳಿಕಳಿಸಿ, ಅವನು ಬರುವ ತನಕ ಕವಿತೆ ಓದುತ್ತಾ ಕೂರುತ್ತಾನೆ. ಯಾರ ಕವಿತೆ ಗೊತ್ತಾ? ಫ್ರಾನ್ಸಿನ ಥಿಯೋಫಿಲ್ ಗೋತಿಯೆ. ‘ಕಲೆಗಾಗಿ ಕಲೆ’ ಅನ್ನೋ ಮಾತಿಗೆ ದೊಡ್ಡ ವಕೀಲನಾಗಿದ್ದ ಕವಿ. ಒಳ್ಳೆ ಕಾಗದ, ನಿಂಬೆ ಹಸಿರು ಬಣ್ಣದ ಚರ್ಮದ ರಟ್ಟು. ಪುಟ ತಿರುವಿದಾಗ ಎದುರಾಗುವುದು ಒಬ್ಬ ಕೊಲೆಗಾರನ ಕೈಯನ್ನು ಕುರಿತ ಪದ್ಯ. ಡೋರಿಯನ್ ತನ್ನ ಬೆಳ್ಳನೆಯ ಬೆರಳುಗಳನ್ನು ನೋಡಿಕೊಳ್ಳುತ್ತಾನೆ, ಸ್ವಲ್ಪ ನಡುಗುತ್ತಾನೆ, ವೆನಿಸ್ ಬಗ್ಗೆ ಬರೆದ ಸೊಗಸಾದ ಸಾಲುಗಳಿಗೆ ಹೋಗಿಬಿಡುತ್ತಾನೆ. ಆಮೇಲೆ ಮಹಡಿ ಹತ್ತಿದರೆ ಚಿತ್ರದಲ್ಲಿರುವ ಕೈಯಿಂದ ರಕ್ತ ಒಸರುತ್ತಿದೆ!

ಇಲ್ಲಿ ತಪ್ಪು ಕವಿತೆಯದಲ್ಲ ಅಲ್ವಾ? ಆ ಪದ್ಯ ಅವನಿಗೆ ಸರಿಯಾದ ಜಾಗವನ್ನೇ ತೋರಿಸಿತು. ಅವನು ಪುಟ ಮಗುಚಿದ. ಚೆಂದವನ್ನು ನೋಡಲಿಕ್ಕೆ ಅಲ್ಲ, ಬೇರೆ ಯಾವುದರಿಂದಲೋ ಕಣ್ಣು ತಪ್ಪಿಸಲಿಕ್ಕೆ ಬಳಸಿದ.

ಸಿಬಿಲ್ ವೇನ್ ವಿಷಯದಲ್ಲಿ ಆದದ್ದೂ ಇದೇ. ಅವಳು ನಾಟಕದಲ್ಲಿ ನಟಿಸುವ ಬಡ ಹುಡುಗಿ. ಡೋರಿಯನ್ ಪ್ರೀತಿಸಿದ್ದು ಅವಳು ಆಡುತ್ತಿದ್ದ ಶೇಕ್ಸ್‌ಪಿಯರ್ ನಾಟಕಗಳ ಜೂಲಿಯೆಟ್, ರೊಸಾಲಿಂಡ್ ಪಾತ್ರಗಳನ್ನು. ಅವಳಿಗೆ ನಿಜವಾಗಿ ಪ್ರೀತಿ ಹುಟ್ಟಿದ ಮೇಲೆ ಸುಳ್ಳು ಪ್ರೀತಿಯನ್ನು ನಟಿಸೋದು ಆಗಲಿಲ್ಲ, ಆ ರಾತ್ರಿಯ ನಾಟಕ ಕೆಟ್ಟಿತು, ಅಷ್ಟಕ್ಕೇ ಅವಳನ್ನು ಬಿಟ್ಟು ನಡೆದ. ಮನೆಗೆ ಬಂದು ನೋಡಿದರೆ ಚಿತ್ರದ ತುಟಿಯಲ್ಲಿ ಕ್ರೌರ್ಯದ ಒಂದು ಸಣ್ಣ ಗೆರೆ. ಚಿತ್ರ ಮೊದಲು ಬದಲಾದದ್ದು ಆವಾಗಲೇ.

ಇನ್ನು ಇಂಗ್ಲಿಷ್ ವಿಮರ್ಶಕ ವಾಲ್ಟರ್ ಪೇಟರ್. ‘ಕಲೆಗಾಗಿ ಕಲೆ’ ಅನ್ನೋ ಈ ಪಂಥಕ್ಕೆಲ್ಲ ಗುರು ಅಂತಲೇ ಅನ್ನಬಹುದು. 1873ರಲ್ಲಿ ಯುರೋಪಿನ ನವೋದಯ (ರಿನೈಸಾನ್ಸ್) ಕಾಲದ ಕಲೆಯ ಬಗ್ಗೆ ಪುಸ್ತಕ ಬರೆದು, ಪ್ರತಿ ಕ್ಷಣವನ್ನೂ ತೀವ್ರವಾಗಿ ಅನುಭವಿಸಿ ಬದುಕಬೇಕು ಅಂತ ಕೊನೆಯಲ್ಲಿ ಹೇಳಿದ. ಹುಡುಗರು ತಪ್ಪು ತಿಳಿದುಕೊಳ್ಳಬಹುದು ಅಂತ 1877ರ ಮುದ್ರಣದಲ್ಲಿ ಆ ಭಾಗವನ್ನೇ ಕೈಬಿಟ್ಟು, 1888ರಲ್ಲಿ ಸ್ವಲ್ಪ ತಿದ್ದಿ ಮತ್ತೆ ಸೇರಿಸಿದ. ಹಾಗೆ ತಪ್ಪು ತಿಳಿದುಕೊಂಡ ಹುಡುಗನಂತೆಯೇ ನನಗೆ ಡೋರಿಯನ್ ಕಾಣುತ್ತಾನೆ.

11ನೇ ಅಧ್ಯಾಯ ಬೋರ್ ಅಂತ ತುಂಬಾ ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ. ಸುಗಂಧ, ವಾದ್ಯ, ರತ್ನ, ಕಸೂತಿ, ಹೀಗೆ ವರ್ಷಗಟ್ಟಲೆ ಕೂಡಿಹಾಕುತ್ತಲೇ ಇರುತ್ತಾನೆ. ಅದರಲ್ಲಿ ದೆಹಲಿಯ ಮಸ್ಲಿನ್ ಇದೆ, ‘ನೇಯ್ದ ಗಾಳಿ’ ಅಂತ ಹೆಸರಾದ ಢಾಕಾದ ಬಟ್ಟೆ ಇದೆ. ಬೇಸಿಲ್ ಚೆಂದವನ್ನು ಕಂಡರೆ ಕುಂಚ ಹಿಡಿಯುತ್ತಾನೆ. ಡೋರಿಯನ್ ಒಂದನ್ನೂ ಸ್ವತಃ ಸೃಷ್ಟಿಸುವುದಿಲ್ಲ. ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸೋದು, ತೆಗೆಯೋದು, ಮತ್ತೆ ಜೋಡಿಸೋದು, ಇಡೀ ದಿನ ಹೀಗೇ ಕಳೆಯುತ್ತಾನೆ. ಕೊನೆಗೆ ಆ ಚಿತ್ರಕ್ಕೇ ಚಾಕುವಿನಿಂದ ಇರಿಯಲು ಹೋಗಿ ಡೋರಿಯನ್ ತಾನೇ ಸಾಯುತ್ತಾನೆ, ಚಿತ್ರ ಮತ್ತೆ ಹರೆಯದ್ದಾಗುತ್ತದೆ. ನೆಲದ ಮೇಲೆ ಬಿದ್ದಿರುವ ಸುಕ್ಕುಗಟ್ಟಿದ ಮುದುಕ ಯಾರು ಅಂತ ಮನೆಯ ಆಳುಗಳಿಗೇ ಮುಖ ನೋಡಿ ಗೊತ್ತಾಗುವುದಿಲ್ಲ. ಕೈಯಲ್ಲಿದ್ದ ಉಂಗುರಗಳನ್ನು ನೋಡಿ ಗುರುತು ಹಿಡಿಯುತ್ತಾರೆ.