ರಾಶಿ ಕಾಗದ ಒಟ್ಟಿಗೆ ಸ್ಕ್ಯಾನ್ ಮಾಡಿದಾಗ ಬಾರ್‌ಕೋಡ್‌ನಿಂದ ಕಡತಗಳನ್ನು ಬೇರ್ಪಡಿಸುವುದು ಹೇಗೆ?

ಪ್ರತಿ ಕಡತದ ಮೊದಲ ಹಾಳೆಗೆ ಕೋಡ್ 128 (ಗೆರೆಗಳ ಒಂದು ಬಗೆಯ ಬಾರ್‌ಕೋಡ್) ಚೀಟಿ ಅಂಟಿಸಿ. ಅದರಲ್ಲಿ ‘ASN’ ಅಕ್ಷರಗಳೂ ಕಡತದ ಸಂಖ್ಯೆಯೂ ಸಾಕು, ಉಳಿದ ವಿವರ ಡೇಟಾಬೇಸ್‌ನಲ್ಲಿರಲಿ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಡುವ ಪೇಪರ್‌ಲೆಸ್-ಎನ್‌ಜಿಎಕ್ಸ್ ತಂತ್ರಾಂಶದಲ್ಲಿ ಬಾರ್‌ಕೋಡ್ ಆಯ್ಕೆಗಳನ್ನು ಆನ್ ಮಾಡಿದರೆ ‘ASN’ (ಎಎಸ್‌ಎನ್, ಅಂದರೆ ಕಡತದ ಕ್ರಮಸಂಖ್ಯೆ) ಎಂದು ಶುರುವಾಗುವ ಕೋಡ್ ಸಿಕ್ಕಲ್ಲಿ ಹೊಸ ಪಿಡಿಎಫ್ ಆಗುತ್ತದೆ, ಸಂಖ್ಯೆಯೂ ತಾನಾಗಿ ದಾಖಲಾಗುತ್ತದೆ. ಚೀಟಿ ಅಂಟಿಸಬಾರದ ಹಳೇ ಪತ್ರಗಳ ನಡುವೆ ‘ಪ್ಯಾಚ್‌ಟಿ’ (PATCHT ಎಂಬ ಬಾರ್‌ಕೋಡ್ ಮುದ್ರಿಸಿದ, ಬೇರ್ಪಡಿಸುವ) ಹಾಳೆ ಇಡಿ. ಆ ಪುಟವನ್ನು ತಂತ್ರಾಂಶವೇ ತೆಗೆದುಹಾಕುತ್ತದೆ. ಎರಡೂ ಮಗ್ಗುಲು ಸ್ಕ್ಯಾನ್ ಮಾಡುವುದಾದರೆ ಅದರ ಹಿಂಬದಿಗೂ ಕೋಡ್ ಮುದ್ರಿಸಿ, ಇಲ್ಲದಿದ್ದರೆ ಮುಂದಿನ ಕಡತದ ತಲೆಗೆ ಖಾಲಿ ಪುಟ ಬಂದು ಕೂರುತ್ತದೆ.

ಕೋಡ್ ಓದದಿದ್ದರೆ ಮೊದಲು ಚೀಟಿ ನೋಡಿ: ಗೆರೆಗಳ ಎರಡೂ ಬದಿ, ಅತಿ ಸಣ್ಣ ಗೆರೆಯ 10 ಪಟ್ಟು ಜಾಗ ಖಾಲಿ ಇರಬೇಕು. ಸ್ಕ್ಯಾನ್ 300 ಡಿಪಿಐ ಇರಲಿ. ಒಂದು ಕೋಡ್ ತಪ್ಪಿದರೂ ಎರಡು ಕಡತ ಸದ್ದಿಲ್ಲದೆ ಒಂದಾಗುತ್ತವೆ. 25 ಇಟ್ಟಿದ್ದರೆ 25 ಪಿಡಿಎಫ್ ಬಂದಿವೆಯೇ ಎಂದು ಎಣಿಸಿಯೇ ಕಾಗದ ಕಟ್ಟಿಡಿ.